ಗೋಡೆಯ ಮೇಲಿನ ಸೌತೆ ಬೀಜ

"ಇದೇನು ನಿನ್ನ ಅಜ್ಜಿಮನೆ ಹಟ್ಟಿಯಾ? ನೀನು ದನ ಮೇಯಿಸ್ಲಿಕ್ಕೇ ಸರಿ. ಬಿಲ್ಡಿಂಗಲ್ಲಿ ಇರ್ಲಿಕ್ಕೆ ಅಲ್ಲ."

ಸೊಸೈಟಿಯ ಸೆಕ್ರೆಟರಿ ಪುಂಡರೀಕಾಕ್ಷ ಅಂಕಲ್ ಅಕ್ಷಿತ್‌ಗೆ ಹಾಗೆನ್ನುವಾಗ ಹುಡುಗರ ಕ್ರಿಕೆಟ್ ನಿಂತೇಹೋಯಿತು. ಬ್ಯಾಟು ಹಿಡಿದಿದ್ದ ಸಮಿತ್‌ಗೆ ಕನ್ನಡ ಅಷ್ಟಕ್ಕಷ್ಟೆ, ಆದರೂ ಗೋಡೆ ನೋಡಿ ಅರ್ಥವಾಯಿತು. "ಅಬೇ ಗೋಬರ್," ಎಂದು ಹಿಂದಿಯಲ್ಲಿ ಸೆಗಣಿಯನ್ನೇ ಅಕ್ಷಿತ್‌ಗೆ ಹೊಸ ಹೆಸರಾಗಿ ಇಟ್ಟ. ಎಲ್ಲರೂ ನಕ್ಕರು.

ಆಗತಾನೇ ಗುಲಾಬಿ ಬಣ್ಣ ಬಳಿದಿದ್ದ ಕಂಪೌಂಡ್ ಗೋಡೆ. ಅದರ ಮೇಲೆ ಸೆಗಣಿಯ ಬಿಲ್ಲೆಗಳು, ಒಳಗೆ ಸೌತೆ ಬೀಜ. ಊರಲ್ಲಿ ಅಜ್ಜಿ ಹಟ್ಟಿಯ ಗೋಡೆಗೆ ಹೀಗೇ ಬಡಿದಿಡುತ್ತಿದ್ದರು. ಹುಳ ಮುಟ್ಟುವುದಿಲ್ಲ, ಮಳೆ ಬಂದಾಗ ಕಿತ್ತು ಬಿತ್ತಿದರಾಯಿತು.

ಆ ಬೀಜ ಮೊಳೆಯುವುದನ್ನು ಮಾತ್ರ ಅಕ್ಷಿತ್ ಒಮ್ಮೆಯೂ ಕಂಡಿರಲಿಲ್ಲ. ಬೇಸಿಗೆ ಮುಗಿದು ಅಜ್ಜಿ ಹಾರೆ ಹುಡುಕುವ ಹೊತ್ತಿಗೆ ಸ್ಕೂಲ್ ಶುರು. ರೈಲು ಹತ್ತಿ ಮುಂಬೈ ಪಕ್ಕದ ಡೊಂಬಿವಲಿಗೆ ವಾಪಸ್. ಆಮೇಲೆ ಅಜ್ಜಿ ಫೋನಿನಲ್ಲಿ ಬಳ್ಳಿಯ ಸುದ್ದಿ ಹೇಳುವುದು, ಇವನು ಹೂಂ ಹೂಂ ಎನ್ನುವುದು.

ಈ ಸಲ ಅಜ್ಜಿ ಚೀಲದಲ್ಲಿ ಹಣ್ಣು ಸೌತೆ ಇಟ್ಟಿದ್ದರು. ಅಮ್ಮ ಹುಳಿಗೆ ಹೆಚ್ಚುವಾಗ ಬೀಜ ಎತ್ತಿಕೊಂಡ. ದೇವಸ್ಥಾನದ ಬಾಗಿಲಲ್ಲಿ ಕಟ್ಟುವ ದನದ ಸೆಗಣಿ ತಂದ. ಬಿಸಿಲು ಬೀಳುವ ಗೋಡೆ ಹುಡುಕಿ ಬಡಿದ. ಬಣ್ಣದ ಯೋಚನೆ ತಲೆಗೇ ಬರಲಿಲ್ಲ.

ಬೈದು ಮುಗಿಸಿ ಅಂಕಲ್ ತಗಡಿನಿಂದ ಎಲ್ಲವನ್ನೂ ಕೆರೆದು, ಪೇಪರಿನಲ್ಲಿ ಸುತ್ತಿಕೊಂಡು ಹೋದರು. ಕಚರಾ ಡಬ್ಬಕ್ಕೆ ಎಸೆಯಲಿಕ್ಕೇ ಇರಬೇಕು, ಎಂದುಕೊಂಡ ಅಕ್ಷಿತ್.

ಮುಂದಿನ ವಾರವೆಲ್ಲ ಅವನು ಗೋಬರ್. ಆಟಕ್ಕೆ ಇಳಿಯುವುದನ್ನೇ ಬಿಟ್ಟ.

ಒಂದು ಸಂಜೆ ಮಳೆ ಬಂತು. ಸುಡುತ್ತಿದ್ದ ಸಿಮೆಂಟಿನಿಂದ ಹಬೆಯೆದ್ದಿತು. ಆಮೇಲೆ ಎಲ್ಲಿಂದಲೋ ಅಜ್ಜಿಯ ಅಂಗಳದ ವಾಸನೆ. ಮನೆಯಲ್ಲಿ ಕೂರಲಾಗದೆ, ಮಳೆ ನಿಂತಕೂಡಲೇ ನೀರಿನ ಟ್ಯಾಂಕಿನ ಹಿಂದಕ್ಕೆ ಓಡಿದ. ಬೀಜಕ್ಕೆಂದು ಅಲ್ಲಿ ತಾನೇ ಚಮಚದಲ್ಲಿ ಕೆದಕಿಟ್ಟ ಮಣ್ಣಿತ್ತು. ಬರೀ ಮಣ್ಣನ್ನಾದರೂ ನೋಡಬೇಕಿತ್ತು.

ಅಲ್ಲಿ ಯಾರೋ ಕುಕ್ಕರಗಾಲಲ್ಲಿ ಕೂತಿದ್ದರು. ಪುಂಡರೀಕಾಕ್ಷ ಅಂಕಲ್. ಪ್ಯಾಂಟು ಮೊಣಕಾಲವರೆಗೆ ಮಡಚಿದ್ದರು. ಪಕ್ಕದಲ್ಲಿ ಬಿಚ್ಚಿದ ಪೇಪರು. ಅದರಲ್ಲಿ ಒಣಗಿದ ಬಿಲ್ಲೆಗಳು, ಬೆನ್ನಿಗೆ ಇನ್ನೂ ಗೋಡೆಯ ಗುಲಾಬಿ ಬಣ್ಣ. ಒಂದೊಂದನ್ನೇ ಹೆಬ್ಬೆರಳಿನಿಂದ ಪುಡಿಮಾಡಿ, ಗುಂಡಿಯಲ್ಲಿಟ್ಟು, ಅಜ್ಜಿಯ ಹಾಗೆಯೇ ಹಗುರವಾಗಿ ಮಣ್ಣು ಎಳೆಯುತ್ತಿದ್ದರು.

ಅಕ್ಷಿತ್ ಹತ್ತಿರ ಹೋದ. ಆಮೇಲೆ ಮೆಲ್ಲಗೆ ಕೇಳಿದ:

"ಅಂಕಲ್, ನಿಮ್ಮ ಊರಲ್ಲಿ ಈಗ ಯಾರು ಬೀಜ ಹಾಕ್ತಾರೆ?"

ಅಂಕಲ್‌ನ ಕೈ ನಿಂತಿತು. ಉಳಿದ ಬಿಲ್ಲೆಗಳನ್ನು ಪೇಪರಿನ ಸಮೇತ ಅವನತ್ತ ಸರಿಸಿದರು. ಮೊಣಕಾಲು ಹಿಡಿದು ಎದ್ದರು. ಗೇಟಿನ ಕಡೆ ನಡೆದರು.

ದಾರಿಯಲ್ಲೇ ನಲ್ಲಿ ಇತ್ತು. ಅವರು ಕೈ ತೊಳೆಯಲಿಲ್ಲ.