ದಾರಿ ಸಿಗದ ಚೀಟಿ

"ಹ್ವಾಯ್, ಎಂತ ಮಾಡ್ತಿದ್ರಿ ನೀವ್?"

ಅಂಗಡಿಯಿಂದ ಬಂದ ಶ್ರಾವ್ಯಳ ಕೈಯಿಂದ ಚೀಲ ಜಾರಿತು. ಜಗಲಿಯಲ್ಲಿ ಯಾರೋ ಯುವಕ ಅವಳ ಚೀಟಿಗಳನ್ನೆಲ್ಲ ಹಗ್ಗದಿಂದ ಕಿತ್ತು, ಅಂಚು ಕೂಡಿಸಿ, ಒಂದೇ ಕಟ್ಟು ಮಾಡಿ ನಿಂತಿದ್ದ. ಮುಖದಲ್ಲಿ ಉಪಕಾರ ಮಾಡಿದ ತೃಪ್ತಿ ಬೇರೆ!

"ಗಾಳಿಗ್ ಹಾರ್ತಿದ್ದೋ... ಒಟ್ ಮಾಡ್ದೆ," ಎಂದ.

ಶ್ರಾವ್ಯ ಬರೆಯುತ್ತಿದ್ದುದು ಮೊಬೈಲ್ ಆ್ಯಪಿನ ಕಥೆ. ನಾಯಕಿ ಬಸ್ ಹತ್ತಬೇಕೋ ಬೇಡವೋ ಎಂದು ಓದುವವರೇ ಆರಿಸುತ್ತಾರೆ, ಆರಿಸಿದಂತೆ ಕಥೆ ಕವಲೊಡೆಯುತ್ತದೆ. ಬೀಜಾಡಿಯ ಮನೆಯ ಜಗಲಿಯಲ್ಲಿ ಅಪ್ಪನ ಬಲೆಯ ಹಗ್ಗ ಕಟ್ಟಿ, ಕವಲಿಗೊಂದು ಹಗ್ಗದಂತೆ ನೂರಾ ಹತ್ತು ಚೀಟಿ ತೂಗುಹಾಕಿದ್ದಳು. ಒಂದಕ್ಕೂ ನಂಬರ್ ಹಾಕಿರಲಿಲ್ಲ!

ಬಂದವನು ನಿತೇಶ್. ಕವಲುಗಳು ಸರಿಯಾಗಿ ಸೇರುತ್ತವೆಯೇ ಎಂದು ನೋಡಲು ಆ್ಯಪಿನವರು ಕಳಿಸಿದವನು. ಹಾಲಾಡಿಯ ಹೋಟೆಲಿನವರ ಮಗ. ತೂಗುವ ಚೀಟಿ ಎಂದರೆ ಬಡಿಸಿ ಮುಗಿದ ಆರ್ಡರ್, ಕಿತ್ತು ಕಟ್ಟಿಡಬೇಕು ಎಂದೇ ಅವನ ಕೈ ಕಲಿತಿತ್ತು.

"ಕೆಡ್ಸಿದವ್ರೇ ಕಟ್ಟಿಕೊಡಿ," ಎಂದಳು ಶ್ರಾವ್ಯ.

ಅವನು ದಿನವೂ ಬೆಳಿಗ್ಗೆ ಬರತೊಡಗಿದ. ಮೊದಮೊದಲು ಬರೀ ಜಗಳ. ಆಮೇಲೆ ನಗು. ಚೀಟಿ ಅದಲುಬದಲಾಗಿ, ಒಂದು ಹಗ್ಗದಲ್ಲಿ ತೀರಿಹೋಗಿದ್ದ ಕಥೆಯ ಅಜ್ಜ ಎರಡು ಚೀಟಿ ದಾಟಿ ಚಹಾ ಕುಡಿಯುತ್ತಿದ್ದ!

"ಅಜ್ಜಯ್ಯಂಗೆ ಸಕ್ರೆ ಹಾಕುದಾ ಬೇಡ್ದಾ?" ಎಂದು ಅವನು ಕೇಳಿದಾಗ ಶ್ರಾವ್ಯ ಹೊಟ್ಟೆ ಹಿಡಿದು ನಕ್ಕಳು. ಇವನು ಬರದ ದಿನ ನಾನೇನು ಮಾಡಲಿ... ಎಂದು ಮನಸ್ಸು ಆಗಲೇ ಲೆಕ್ಕ ಹಾಕುತ್ತಿತ್ತು.

ಹದಿನೈದನೆಯ ದಿನ ಒಂದೇ ಚೀಟಿ ಉಳಿಯಿತು. ನಿತೇಶ್ ಓದಿದ. 'ಅವನು ಕೇಳಿದ್ದೇ ತಡ, ಅವಳು ಹೂಂ ಅಂದಳು.'

"ಇದ್ ಯಾವ ಹಗ್ಗದ್ದ್?"

ಅದು ಅವಳು ಹಿಂದಿನ ದಿನವಷ್ಟೇ, ಅವನನ್ನೇ ನೆನೆದು ಬರೆದದ್ದು. ಕಟ್ಟಿನಲ್ಲಿ ಹೇಗೆ ಸೇರಿತೋ! ಅವಳ ಕೆನ್ನೆ ಕೆಂಪಾಯಿತು.

"ಅದ್ ಕಥೆದಲ್ಲ... ನನ್ದ್."

ನಿತೇಶ್ ಚೀಟಿಯನ್ನು ಅವಳ ಕೈಗಿಟ್ಟು ಹೊರಟುಬಿಟ್ಟ. ಯಾರೋ ಕೇಳಿಯಾಗಿದೆ, ಇವಳು ಒಪ್ಪಿಯೂ ಆಗಿದೆ ಎಂದುಕೊಂಡ ಪುಣ್ಯಾತ್ಮ!

ಮರುದಿನ ಅವನು ಬರಲಿಲ್ಲ. ಮೆಸೇಜ್ ಬಂತು. 'ಕೆಲಸ ಮುಗಿಯಿತು. ಮದುವೆಗೆ ಕರೆಯಿರಿ.'

ಯಾರ ಮದುವೆ?! ಶ್ರಾವ್ಯಳಿಗೆ ಒಂದು ಗಳಿಗೆ ತಲೆಬುಡ ಅರ್ಥವಾಗಲಿಲ್ಲ. ಅರ್ಥವಾದಾಗ ಕಣ್ಣು ತುಂಬಿತು. ಈಗ ಸುಮ್ಮನಿದ್ದರೆ ಅವನನ್ನು ಕಳೆದುಕೊಂಡಂತೆಯೇ.

ಮೀನು ಮಾರಲು ಹೊರಟಿದ್ದ ಅಮ್ಮ ವನಜ ಮಗಳ ಮುಖ ಕಂಡಳು.

"ಬುಟ್ಟಿ ಮುಚ್ಕಂಡ್ ಕೂಕಂಡ್ರೆ ಮೀನ್ ಇತ್ತ್ ಅಂದ್ ಯಾರಿಗ್ ಗೊತ್ತಾತ್ತ್ ಹೆಣೆ? ಹೋಗ್."

ಶ್ರಾವ್ಯ ಹಾಲಾಡಿಯ ಬಸ್ ಹತ್ತಿದಳು. ಹೋಟೆಲಿನಲ್ಲಿ ಮಧ್ಯಾಹ್ನದ ಊಟದ ಗಡಿಬಿಡಿ. ನಿತೇಶ್ ಬಾಳೆಎಲೆ ಹಾಸುತ್ತಿದ್ದವನು ಅವಳನ್ನು ಕಂಡು ಹಾಗೆಯೇ ನಿಂತ. ಅವಳು ಚೀಟಿಯನ್ನು ಅವನ ಮುಂದೆ ಇಟ್ಟಳು.

"ಇದ್ರ ಹಿಂದಿನ್ ಚೀಟಿಯೇ ಇಲ್ಲ. ಅದ್ನ ನಾನ್ ಬರೆಯೂಕ್ ಆತಿಲ್ಲೆ... ನೀವೇ ಕೇಳ್ಕ್."

ಅವನು ಚೀಟಿ ನೋಡಿದ, ಅವಳನ್ನು ನೋಡಿದ. ಕಿವಿಯವರೆಗೂ ಕೆಂಪಾದ. ಉಣ್ಣುತ್ತಿದ್ದವರು ತುತ್ತು ಕೈಯಲ್ಲೇ ಹಿಡಿದು ಕುಳಿತರು.

"ಶ್ರಾವ್ಯ... ನನ್ನ ಮದಿ ಆತ್ರಿಯಾ?"

"ಹೂಂ."

"ಇಲ್ಲ ಅಂದಿದ್ರೆ?"

"ಆ ದಾರಿ ನಾನ್ ಬರೀಲೇ ಇಲ್ಲೆ."