ಮಾತುಮಲ್ಲಿ ಮತ್ತು ಹಿಂದಿನ ಕೋಣೆಯ ಮೇಷ್ಟ್ರು

"ಹತ್ತು ವರ್ಷದ ಮಗುವಿನ ಹಣೆಬರಹ ಬರೆಯೋ ಅಧಿಕಾರವನ್ನ ಒಂದು ಪರೀಕ್ಷೆಗೆ ಕೊಟ್ಟೋರು ಯಾರು?"

ಮೈಕಿನಲ್ಲಿ ಅವಳ ದನಿ ಸಭಾಂಗಣದ ಮೂಲೆ ಮೂಲೆಗೂ ತಲುಪಿತು. ಜೋರು ಚಪ್ಪಾಳೆ!

ಶಾಲೆಗಳಲ್ಲಿ ಏನೇನು ಬದಲಾಗಬೇಕು ಎಂದು ಜನರ ಅಭಿಪ್ರಾಯ ಕೇಳಲು ಕರೆದ ಸಭೆ ಅದು. ವೇದಿಕೆಯ ಮೇಲೆ ಸುಧಾರಣಾ ಸಮಿತಿಯವರು. ಕೆಳಗೆ ತಂದೆ ತಾಯಂದಿರು, ಶಿಕ್ಷಕರು. ಮೈಕ್ ಹಿಡಿದವಳು ರಾಜಕೀಯ ತತ್ವಶಾಸ್ತ್ರ ಓದುತ್ತಿದ್ದ ಎಂ.ಎ. ವಿದ್ಯಾರ್ಥಿನಿ. ಮನೆಯಲ್ಲಿ ಅವಳನ್ನು ಕರೆಯುತ್ತಿದ್ದದ್ದು ಮಾತುಮಲ್ಲಿ ಎಂದೇ.

"ನಾಲ್ಕನೇ ತರಗತಿ ಮುಗೀತಿದ್ದ ಹಾಗೆ ಒಂದು ಪರೀಕ್ಷೆ. ಅಂಕ ಬಂದೋರು ಮುಂದಿನ ಕೋಣೆಗೆ, ಬರದೇ ಇದ್ದೋರು ಹಿಂದಿನ ಕೋಣೆಗೆ! ಪ್ರಜಾಪ್ರಭುತ್ವದಲ್ಲಿ ಎಲ್ಲರೂ ಸಮಾನರು ಅಂತ ಪಾಠ ಮಾಡ್ತೀವಿ. ಆ ಪಾಠವನ್ನೂ ಎರಡು ಬೇರೆ ಬೇರೆ ಕೋಣೆಗಳಲ್ಲಿ ಮಾಡ್ತೀವಿ! ಮುಚ್ಚಿ ಆ ಹಿಂದಿನ ಕೋಣೆಗಳನ್ನ!"

ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ಕೊನೆಯ ಸಾಲಿನಿಂದ ಒಬ್ಬ ಯುವಕ ಎದ್ದು ನಿಂತ. ಅಂಗಿಯ ತೋಳಿಗೆ ಸೀಮೆಸುಣ್ಣದ ಪುಡಿ ಮೆತ್ತಿಕೊಂಡಿತ್ತು.

"ಮೇಡಂ, ಆ ಹಿಂದಿನ ಕೋಣೇಲಿ ನೀವು ಯಾವತ್ತಾದ್ರೂ ಕೂತಿದ್ದೀರಾ?"

"ಇಲ್ಲ... ಆದ್ರೆ—"

"ನಾನು ಕೂತಿದ್ದೆ. ಈಗ ಅಲ್ಲೇ ಪಾಠ ಮಾಡ್ತೀನಿ. ನೀವು ಬೀಗ ಹಾಕಿದ ಮಾರನೇ ದಿನ ನನ್ನ ಮಕ್ಕಳು ಎಲ್ಲಿಗೆ ಹೋಗ್ತಾರೆ ಹೇಳಿ? ಮುಂದಿನ ಕೋಣೆಯ ಹಿಂದಿನ ಬೆಂಚಿಗೆ! ಅಲ್ಲಿ ಅವರು ಬಾಯಿ ತೆಗೆದ್ರೆ ಇಡೀ ಕ್ಲಾಸು ನಗುತ್ತೆ. ನನ್ನ ಕೋಣೇಲಿ ಯಾರೂ ನಗಲ್ಲ."

ಈ ಸಲದ ಚಪ್ಪಾಳೆ ಅವಳಿಗೆ ಸಿಕ್ಕಿದ್ದಕ್ಕಿಂತ ಜೋರಾಗಿತ್ತು. ಅವಳ ಕಿವಿ ಬಿಸಿಯಾಯಿತು.

'ಎಷ್ಟು ಸೊಕ್ಕು ಇವನಿಗೆ!'

ಸಭೆ ಮುಗಿದ ಮೇಲೆ ಮೆಟ್ಟಿಲ ಬಳಿ ಅವನೇ ಎದುರಾದ.

"ಬೇಜಾರಾಯ್ತಾ ಮೇಡಂ?"

"ನನಗ್ಯಾಕೆ ಬೇಜಾರು? ಗಾಯಕ್ಕೆ ಬಟ್ಟೆ ಸುತ್ತಿ, ಗಾಯಾನೇ ಇಲ್ಲ ಅಂತ ವಾದ ಮಾಡೋರನ್ನ ಮೊದಲ ಸಲ ನೋಡಿದ್ದಲ್ಲ."

ಅವನು ಕೋಪಗೊಳ್ಳಲಿಲ್ಲ. ಮನಸಾರೆ ನಕ್ಕುಬಿಟ್ಟ!

"ಮಾತು ಚೆನ್ನಾಗಿದೆ. ಒಂದ್ಸಲ ಬಂದು ನಮ್ಮ ಮಕ್ಕಳ ಜೊತೆ ಕೂತ್ಕೊಳ್ಳಿ. ಆಮೇಲೆ ಬೈಯೋದಾದ್ರೆ ಇನ್ನೂ ಚೆನ್ನಾಗಿ ಬೈಬಹುದು."

ಆ ನಗು ಮನೆಯವರೆಗೂ ಅವಳ ಹಿಂದೆಯೇ ಬಂದಂತಿತ್ತು...

ಮನೆಯ ಮುಂದಿನ ಕೋಣೆಯೇ ಅಕ್ಕನ ಹೊಲಿಗೆ ಅಂಗಡಿ. ಅಕ್ಕ ಎಂದರೆ ಅವಳಿಗಿಂತ ಸ್ವಲ್ಪ ಹೊತ್ತು ಮೊದಲು ಹುಟ್ಟಿದವಳು, ಅಷ್ಟೇ. ಇಬ್ಬರೂ ಅವಳಿ, ಆದರೆ ನೋಡಲು ಬೇರೆ ಬೇರೆ. ಅದೇ ಪರೀಕ್ಷೆ ಒಂದು ಬೇಸಿಗೆಯಲ್ಲಿ ತಂಗಿಯನ್ನು ಮುಂದಿನ ಕೋಣೆಗೂ ಅಕ್ಕನನ್ನು ಹಿಂದಿನ ಕೋಣೆಗೂ ಕಳಿಸಿತ್ತು. ತಂಗಿ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದಳು. ಅಕ್ಕ ಓದು ಬಿಟ್ಟಳು. ತಂಗಿ ನ್ಯಾಯ, ಸಮಾನತೆ ಎಂದು ದಪ್ಪ ದಪ್ಪ ಪುಸ್ತಕಗಳಲ್ಲಿ ತಲೆ ಹುದುಗಿಸಿದ್ದಕ್ಕೆ ಬೇರೆ ಕಾರಣವೇ ಬೇಕಿರಲಿಲ್ಲ.

"ಏನೇ ಮಾತುಮಲ್ಲಿ, ಮುಖ ಊದಿಸ್ಕೊಂಡು ಬಂದಿದ್ದೀಯ?"

"ಒಬ್ಬ ಮೇಷ್ಟ್ರು ಸಭೇಲಿ ನನ್ನ ಬಾಯಿ ಮುಚ್ಚಿಸಿದ!"

"ಹೌದಾ?" ಅಕ್ಕ ಹೊಲಿಗೆ ಯಂತ್ರ ನಿಲ್ಲಿಸಿದಳು. "ಅಮ್ಮನಿಂದಾನೇ ಆಗದೇ ಇದ್ದ ಕೆಲಸ! ಅವರಿಗೊಂದು ಅಂಗಿ ಬಿಟ್ಟಿ ಹೊಲಿದುಕೊಡ್ತೀನಿ ಅಂತ ಹೇಳು."

ಆ ವಾರವೇ ಮಾತುಮಲ್ಲಿ ಅವನ ಶಾಲೆಗೆ ಹೋದಳು. ಸೋಲಬಾರದು ಎಂಬ ಹಟಕ್ಕೆ ಹೋದಳು ಎಂದು ತನಗೆ ತಾನೇ ಹೇಳಿಕೊಂಡಳು.

ಶಾಲೆಯ ಹಿತ್ತಲಿಗೆ ಮುಖ ಮಾಡಿದ್ದ ಕೋಣೆ. ಇದ್ದದ್ದು ಒಂದೇ ಕಿಟಕಿ. ಅದರ ಪಕ್ಕದ ಜಾಗಕ್ಕಾಗಿ ಮಕ್ಕಳಲ್ಲಿ ಅಂದು ದೊಡ್ಡ ಜಗಳ ನಡೆದಿತ್ತು. ಅವನು ಬಿಡಿಸಲು ಹೋಗದೆ, ಮೇಜಿಗೆ ಒರಗಿ ನಿಂತಿದ್ದ.

"ಬನ್ನಿ ಮೇಡಂ. ನ್ಯಾಯ ಓದಿದೋರು ನೀವು. ಈ ಕೇಸು ಬಗೆಹರಿಸಿ ನೋಡೋಣ!"

ಅವಳು ನೆಲದ ಮೇಲೆ ಕುಳಿತಳು. "ಸರಿ, ಎಲ್ಲರೂ ಕಣ್ಣು ಮುಚ್ಚಿ. ನಾಳೆ ನೀವು ಎಲ್ಲಿ ಕೂತಿರ್ತೀರಿ ಅಂತ ನಿಮಗೇ ಗೊತ್ತಿಲ್ಲ ಅಂದ್ಕೊಳ್ಳಿ. ಈಗ ಕಿಟಕಿ ಯಾರಿಗೆ ಸಿಗಬೇಕು ಅಂತ ಒಂದು ನಿಯಮ ಮಾಡಿ."

"ದಿನಕ್ಕೊಬ್ಬರಿಗೆ!" "ಕಣ್ಣು ಸರಿಯಾಗಿ ಕಾಣದೇ ಇರೋರಿಗೆ!" "ಮೇಷ್ಟ್ರಿಗೆ ಮಾತ್ರ ಬೇಡ!"

ಮೂಲೆಯಲ್ಲಿ ಮುದುಡಿ ಕುಳಿತಿದ್ದ ಒಂದು ಹುಡುಗಿ ಬಾಯಿಬಿಟ್ಟಳು. ತೀರಾ ಪುಟ್ಟವಳೆಂದು ಎಲ್ಲರೂ ಅವಳನ್ನು ಗುಬ್ಬಿ ಎನ್ನುತ್ತಿದ್ದರು.

"ಹೊಸದಾಗಿ ಬಂದೋರಿಗೆ ಕೊಡಬೇಕು."

"ಯಾಕೆ ಪುಟ್ಟಾ?"

"ಅವರಿಗೆ ಇಲ್ಲಿ ಯಾರೂ ಗೊತ್ತಿರಲ್ಲ. ನೋಡ್ಕೊಂಡಿರೋಕೆ ಕಿಟಕಿಯಾದ್ರೂ ಇರಲಿ."

ಮಾತುಮಲ್ಲಿ ಗುಬ್ಬಿಯ ಕೆನ್ನೆ ಸವರಿದಳು. ತಲೆಯೆತ್ತಿದರೆ ಅವನು ಅವಳನ್ನೇ ನೋಡುತ್ತಿದ್ದ. ಆ ನೋಟದಲ್ಲಿ ಗೆದ್ದ ಬಿಂಕವಿರಲಿಲ್ಲ, 'ನನ್ನ ಮಕ್ಕಳು ನೋಡಿ' ಎಂಬ ಅಕ್ಕರೆಯಿತ್ತು.

ಅವತ್ತೇ ಏನೋ ಶುರುವಾಗಿತ್ತು...

ಆಮೇಲೆ ಅವಳು ವಾರವಾರವೂ ಹೋದಳು. ಶಾಲೆ ಬಿಟ್ಟ ಮೇಲೆ ಬಸ್ ನಿಲ್ದಾಣದವರೆಗೂ ಇಬ್ಬರೂ ವಾದ ಮಾಡುತ್ತಾ ನಡೆಯುತ್ತಿದ್ದರು. ಬಸ್ಸುಗಳು ಬಂದು ಹೋಗುತ್ತಿದ್ದವು, ವಾದ ಮಾತ್ರ ಮುಗಿಯುತ್ತಿರಲಿಲ್ಲ.

"ಸಮಾಜ ಮುಂದೆ ಹೋಗಬೇಕು ಅಂದ್ರೆ ಯಾರಾದ್ರೂ ಎಳೀಬೇಕು ಮೇಷ್ಟ್ರೇ."

"ಎಳೆಯೋರು ಹಿಂದೆ ತಿರುಗಿ ನೋಡ್ತಾರಾ? ಹಗ್ಗ ಕಿತ್ತುಹೋಗಿದ್ರೂ ಗೊತ್ತಾಗಲ್ಲ ಅವರಿಗೆ."

"ಹಾಗಂತ ಇದ್ದಲ್ಲೇ ಕೂತಿರೋದಾ?"

"ಕೂತಿಲ್ಲ. ನಿಧಾನ ನಡೀತಿದ್ದೀವಿ. ನಿಮ್ಮ ಜೊತೆ ನಡೆದ್ರೆ ಇನ್ನೂ ನಿಧಾನ ಆಗುತ್ತೆ... ಬೇಕು ಅಂತಾನೇ."

ಅವಳು ಥಟ್ಟನೆ ರಸ್ತೆಯ ಆಚೆಗೆ ಮುಖ ತಿರುಗಿಸಿದಳು. ಕೆನ್ನೆ ಕೆಂಪಾಗಿದ್ದು ಅವನಿಗೆ ಕಾಣಬಾರದಲ್ಲ!

ಆ ಹುಮ್ಮಸ್ಸಿನಲ್ಲೇ ಅವಳು ಪತ್ರಿಕೆಗೊಂದು ಲೇಖನ ಬರೆದಳು. ತಲೆಬರಹ: 'ದಡ್ಡರೆಂದು ಬರೆದುಬಿಟ್ಟ ಮಕ್ಕಳು'. ಅದರಲ್ಲೊಂದು ವಾಕ್ಯವಿತ್ತು: 'ಹಿಂದಿನ ಕೋಣೆಯಲ್ಲಿ ಗುಬ್ಬಿ ಎಂಬ ಮಗುವಿದೆ. ಹತ್ತು ದಾಟಿದರೂ ಅದಕ್ಕೆ ತನ್ನ ಹೆಸರನ್ನು ತಪ್ಪಿಲ್ಲದೆ ಬರೆಯಲು ಬಾರದು.'

ಅವನಿಗೆ ಎಷ್ಟು ಖುಷಿಯಾಗಬಹುದು ಎಂದುಕೊಂಡೇ ಅದು ಅಚ್ಚಾದ ಮರುದಿನ ಶಾಲೆಗೆ ಓಡಿದಳು.

ಅವನು ಹಿತ್ತಲಿನಲ್ಲಿ ಒಬ್ಬನೇ ನಿಂತಿದ್ದ. ಮುಖದಲ್ಲಿ ನಗುವಿರಲಿಲ್ಲ.

"ಮುಂದಿನ ಕೋಣೆಯೋರು ನಿಮ್ಮ ಲೇಖನವನ್ನ ಅಂಗಳದಲ್ಲಿ ಗಟ್ಟಿಯಾಗಿ ಓದಿದ್ರು. ಗುಬ್ಬಿ ಸುತ್ತ ನಿಂತು ಓದಿದ್ರು. ಅವಳು ನಿನ್ನೆ ಮಧ್ಯಾಹ್ನಾನೇ ಮನೆಗೆ ಹೋದಳು. ಇನ್ಮೇಲೆ ಬರಲ್ಲವಂತೆ."

"ನಾನು... ನಾನು ಅವಳ ಪರವಾಗಿ ಬರೆದೆ..."

"ಅವಳನ್ನ ಕೇಳಿದ್ರಾ?"

ಅವಳು ಕೈಯಲ್ಲಿದ್ದ ಪತ್ರಿಕೆಯನ್ನು ಬೆನ್ನ ಹಿಂದೆ ಅಡಗಿಸಿದಳು.

"ನಿಮಗೆ ಬೇಕಾಗಿದ್ದು ಮಕ್ಕಳಲ್ಲ ಮೇಡಂ, ಉದಾಹರಣೆ. ಅದಕ್ಕೇ ವಾರವಾರ ಬರ್ತಿದ್ರಿ ಅಂತ ಮೊದಲೇ ಗೊತ್ತಿದ್ದಿದ್ರೆ..." ಅವನ ದನಿ ಒಡೆಯಿತು. "ದಯವಿಟ್ಟು ಇನ್ಮೇಲೆ ಬರಬೇಡಿ."

'ಉದಾಹರಣೆಗಾಗಿ ಬಂದೆನಾ? ನಾನು ಯಾರಿಗಾಗಿ ಬರುತ್ತಿದ್ದೆ ಅಂತ ನಿಮಗೆ ಗೊತ್ತಾಗಲೇ ಇಲ್ಲವಾ...'

ಮಾತುಮಲ್ಲಿಗೆ ಅಂದು ಮಾತೇ ಹೊರಡಲಿಲ್ಲ.

ಗಾಯದ ಮೇಲೆ ಬರೆ ಎಳೆದಂತೆ ವಿಶ್ವವಿದ್ಯಾಲಯದಲ್ಲಿ ಇನ್ನೊಂದು ಸುದ್ದಿ ಸಿಕ್ಕಿತು. ಸಮಿತಿಯ ಕೊನೆಯ ಸಭೆಯಲ್ಲಿ ಹಿಂದಿನ ಕೋಣೆಯ ಪರವಾಗಿ ಮಾತಾಡುವವರಲ್ಲಿ ಆ ಮೇಷ್ಟ್ರೂ ಒಬ್ಬ!

'ನನ್ನ ಮೇಲಿನ ಕೋಪಕ್ಕೆ ಪರೀಕ್ಷೆಯನ್ನೇ ಎತ್ತಿಹಿಡಿಯುತ್ತಾನಾ?'

ಅಕ್ಕನ ಎದುರು ಕುಳಿತು ಅವಳು ಅತ್ತಳು. ಎಲ್ಲವನ್ನೂ ಹೇಳಿಕೊಂಡಳು. ಅಕ್ಕ ಕತ್ತರಿ ಕೆಳಗಿಟ್ಟಳು.

"ನಿನ್ನ ಭಾಷಣಗಳಲ್ಲೆಲ್ಲ ನಾನೂ ಇರ್ತೀನಿ ಅಲ್ವೇನೇ? 'ಅವಕಾಶ ಸಿಗದ ಅಕ್ಕ.' ನನಗೆ ಗೊತ್ತು. ಒಂದ್ಸಲ ಬಂದು ಹಿಂದೆ ನಿಂತು ಕೇಳಿದ್ದೆ."

ಅವಳು ಬೆಚ್ಚಿದಳು. "ಅಕ್ಕಾ... ನಿನಗೆ ನೋವಾಯ್ತಾ?"

"ಸ್ವಲ್ಪ. ನೀನು ನನ್ನ ಬಗ್ಗೆ ಊರಿಗೆಲ್ಲ ಹೇಳಿದೆ, ನನ್ನನ್ನ ಮಾತ್ರ ಏನೂ ಕೇಳಲಿಲ್ಲ."

"ಈಗ ಕೇಳ್ತೀನಿ. ಆ ಕೋಣೇಲಿ ಹೇಗಿತ್ತು?"

ಅಕ್ಕ ಮಡಿಲಲ್ಲಿದ್ದ ಬಟ್ಟೆಯ ಮಡಿಕೆಯನ್ನು ಬೆರಳಿನಿಂದ ನೀವಿದಳು. "ಕೋಣೆ ಚೆನ್ನಾಗೇ ಇತ್ತು. ಟೀಚರೂ ಒಳ್ಳೆಯೋರು. ಆದ್ರೆ ಮಧ್ಯಾಹ್ನ ಹೊರಗೆ ಬಂದ್ರೆ ನಿನ್ನ ಪಕ್ಕ ಬೇರೆ ಯಾರೋ ಕೂತಿರ್ತಿದ್ರು. ನನಗೆ ಪಾಠ ಕಷ್ಟ ಆಗಲಿಲ್ಲ ಕಣೇ... ಅದು ಕಷ್ಟ ಆಯ್ತು."

ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ಹೊಲಿಯಲು ಕೊಟ್ಟಿದ್ದ ಯಾರದೋ ರವಿಕೆಯಲ್ಲೇ ಅಕ್ಕ ಕಣ್ಣೊರೆಸಿಕೊಂಡು, ಆಮೇಲೆ "ಅಯ್ಯೋ!" ಎಂದು ನಾಲಿಗೆ ಕಚ್ಚಿಕೊಂಡಳು.

ಮಾತುಮಲ್ಲಿ ಯೋಚಿಸಿದಳು. ತಾನು ಬೀಗ ಹಾಕಿಸಲು ಹೊರಟಿದ್ದಳು, ಅವನು ಕಾವಲು ನಿಂತಿದ್ದ. ಇಬ್ಬರೂ ಕೋಣೆಯನ್ನೇ ನೋಡುತ್ತಿದ್ದರು. ಯಾರ ಪಕ್ಕ ಯಾರು ಕೂತಿದ್ದಾರೆ ಎಂದು ಇಬ್ಬರೂ ನೋಡಿರಲಿಲ್ಲ. ಅಕ್ಕಪಕ್ಕ ಕೂರುವುದನ್ನೇ ಕಲಿಯದ ಮಕ್ಕಳು ನಾಳೆ ಒಂದೇ ದೇಶದಲ್ಲಿ ಹೇಗೆ ಬಾಳುತ್ತಾರೆ?

ಮರುದಿನ ಅವಳು ಗುಬ್ಬಿಯ ಮನೆ ಹುಡುಕಿಕೊಂಡು ಹೋದಳು. ಗುಬ್ಬಿ ಬಾಗಿಲ ಹಿಂದೆ ನಿಂತಿದ್ದಳು.

"ತಪ್ಪು ನನ್ನದು ಪುಟ್ಟಾ. ನಿನ್ನನ್ನ ಕೇಳದೆ ನಿನ್ನ ಬಗ್ಗೆ ಬರೆದೆ. ಕ್ಷಮಿಸ್ತೀಯಾ?"

ಗುಬ್ಬಿ ಬಾಗಿಲ ಸಂದಿಯಿಂದ ಅರ್ಧ ಮುಖ ಹೊರಗಿಟ್ಟಳು. "ನಿಮಗೆ ಏನು ಬರಲ್ಲ?"

"ಅಂದ್ರೆ?"

"ನನಗೇನು ಬರಲ್ಲ ಅಂತ ಎಲ್ಲರಿಗೂ ಗೊತ್ತಾಯ್ತು. ನಿಮಗೇನು ಬರಲ್ಲ?"

"ನನಗೆ... ಸೈಕಲ್ ಬರಲ್ಲ. ಈಗಲೂ ಬೀಳ್ತೀನಿ."

"ಇಷ್ಟು ದೊಡ್ಡೋರಾದ್ರೂ?" ಗುಬ್ಬಿಯ ತುಟಿಯಂಚಿನಲ್ಲಿ ನಗು ಮೂಡಿತು. "ಹಾಗಾದ್ರೆ ನಾಳೆ ಅಂಗಳದಲ್ಲಿ ಎಲ್ಲರ ಮುಂದೆ ಸೈಕಲ್ ಹೊಡೀಬೇಕು. ಆಗ ನಾನೂ ಬರ್ತೀನಿ."

ಮಾತು ಕೊಟ್ಟಾಗಿತ್ತು. ಮರುದಿನ ಇಡೀ ಶಾಲೆಯ ಮುಂದೆ ಅವಳು ಸೈಕಲ್ ಏರಿದಳು, ಬಿದ್ದಳು, ಮತ್ತೆ ಏರಿದಳು, ಮತ್ತೆ ಬಿದ್ದಳು! ಎರಡೂ ಕೋಣೆಗಳ ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಕೊನೆಗೆ ಗುಬ್ಬಿಯೇ ಓಡಿಬಂದು ಸೀಟು ಹಿಡಿದಳು. ಇನ್ನೊಂದು ಕಡೆಯಿಂದ ಹಿಡಿದದ್ದು ಮುಂದಿನ ಕೋಣೆಯ ಹುಡುಗಿ, ಅಂಗಳದಲ್ಲಿ ಲೇಖನ ಓದಿದ್ದವಳೇ.

"ನೆಲ ನೋಡ್ಬೇಡಿ ಮಿಸ್, ಮುಂದೆ ನೋಡಿ!" ಇಬ್ಬರೂ ಒಟ್ಟಿಗೇ ಕೂಗಿದರು.

ಮಂಡಿ ತರಚಿದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಮಹಡಿಯ ಕಂಬದ ಹಿಂದೆ ನಿಂತು ಒಬ್ಬ ಕಣ್ಣೊರೆಸಿಕೊಂಡದ್ದನ್ನೂ ಅವಳು ನೋಡಲಿಲ್ಲ...

ಕೊನೆಯ ಸಭೆಯ ದಿನ ಬಂತು. ಸಮಿತಿಯ ಅಧ್ಯಕ್ಷೆ, ಬಿಳಿಕೂದಲಿನ ನಿವೃತ್ತ ಪ್ರಾಂಶುಪಾಲೆ, ಮೊದಲು ಕರೆದದ್ದು ಅವನನ್ನೇ. ಅವಳು ಉಸಿರು ಬಿಗಿಹಿಡಿದಳು.

"ಹಿಂದಿನ ಕೋಣೆ ಉಳಿಸಿ ಅಂತ ಹೇಳೋಕೆ ನನ್ನ ಹೆಸರು ಕೊಟ್ಟಿದ್ದೆ," ಅವನು ನಿಧಾನವಾಗಿ ಹೇಳಿದ. "ಅಲ್ಲಿ ಯಾರೂ ನಗಲ್ಲ ಅಂತಿದ್ದೆ. ಮೊನ್ನೆ ನಮ್ಮ ಅಂಗಳದಲ್ಲಿ ಎಲ್ಲ ಮಕ್ಕಳೂ ನಕ್ಕರು. ಆಮೇಲೆ ಅವರೇ ಓಡಿಹೋಗಿ ಕೈಹಿಡಿದ್ರು. ನಗೋರನ್ನ ದೂರ ಇಟ್ಟು ನಾನು ನನ್ನ ಮಕ್ಕಳನ್ನ ಕಾಪಾಡ್ತಿದ್ದೆ. ಕೈ ಕೊಡೋರನ್ನೂ ದೂರ ಇಟ್ಟಿದ್ದೆ ಅಂತ ಗೊತ್ತಾಗಲಿಲ್ಲ. ಆ ಪರೀಕ್ಷೆ ಬೇಡ. ಮಕ್ಕಳು ಒಟ್ಟಿಗೇ ಇರಲಿ."

ಅವಳ ಕಣ್ಣು ತುಂಬಿಬಂತು. ಮುಂದಿನ ಸರದಿ ಅವಳದು.

"ಹೋದ ಸಲ ಬೀಗ ಹಾಕಿ ಅಂದಿದ್ದೆ. ಅಷ್ಟಕ್ಕೇ ಸುಧಾರಣೆ ಆಗಲ್ಲ. ಮಕ್ಕಳನ್ನ ಒಟ್ಟಿಗೆ ಕೂರಿಸಿ, ಆದ್ರೆ ಪ್ರತಿ ಕೋಣೆಗೂ ಇಬ್ಬರು ಶಿಕ್ಷಕರನ್ನ ಕೊಡಿ. ನಿಧಾನ ಕಲಿಯೋರ ಪಕ್ಕ ಕೂರೋ ತಾಳ್ಮೆ ನನಗಿರಲಿಲ್ಲ. ಈ ಮೇಷ್ಟ್ರಿಗಿದೆ. ಅಂಥವರನ್ನ ಹಿತ್ತಲಿಂದ ಮುಂದಕ್ಕೆ ಕರೆತನ್ನಿ."

ಯಾವ ಮಗುವಿನ ಹೆಸರನ್ನೂ ಅವಳು ಹೇಳಲಿಲ್ಲ.

ಅಧ್ಯಕ್ಷೆ ಕನ್ನಡಕ ತೆಗೆದು ಇಬ್ಬರನ್ನೂ ನೋಡಿದರು. "ಜಗಳ ಆಡ್ತೀರಿ ಅಂತ ಬಂದ್ರೆ ಒಂದೇ ಮಾತಾಡ್ತಿದ್ದೀರಲ್ಲ!" ಸಭೆ ನಕ್ಕಿತು. ಸಮಿತಿ ಒಳಗೆ ಹೋಗಿ ಮಾತಾಡಿಕೊಂಡು ಬಂತು. ಎಲ್ಲ ಶಾಲೆಗಳ ಮಾತು ಮುಂದಿನದು, ಮೊದಲು ಈ ಒಂದು ಶಾಲೆಯಲ್ಲಿ ಮಾಡಿ ನೋಡೋಣ ಎಂದರು. ಚಿಕ್ಕ ಗೆಲುವೇ ಸರಿ. ಆದರೆ ಗೆಲುವು ಗೆಲುವೇ!

ಹೊರಗಿನ ಮೊಗಸಾಲೆಯಲ್ಲಿ ಅವನು ಕಾಯುತ್ತಿದ್ದ.

"ಮಂಡಿ ನೋವು ಹೇಗಿದೆ?"

"ನೋಡಿದ್ರಾ?!"

"ಪೂರ್ತಿ ನೋಡಿದೆ. ಅವತ್ತು ಏನೇನೋ ಅಂದುಬಿಟ್ಟೆ... ಉದಾಹರಣೆಗಾಗಿ ಬಂದ್ರಿ ಅಂತ. ಕ್ಷಮಿಸಿ."

"ಮಕ್ಕಳ ವಿಷಯದಲ್ಲಿ ನೀವು ಹೇಳಿದ್ದು ಸರಿ. ಆದ್ರೆ ವಾರವಾರ ಬರ್ತಿದ್ದದ್ದು..." ಅವಳ ದನಿ ನಡುಗಿತು. "ಬಸ್ಸುಗಳನ್ನ ಸುಮ್ಮಸುಮ್ಮನೆ ಬಿಡ್ತಿದ್ದದ್ದು... ಅದು ನಿಮಗಾಗಿ. ನಿಮ್ಮನ್ನ ಪ್ರೀತಿಸ್ತೀನಿ ಮೇಷ್ಟ್ರೇ. ಇದನ್ನೂ ವಾದ ಮಾಡಿ ಒಪ್ಪಿಸಬೇಕಾ?"

ಅವನು ಒಂದು ಕ್ಷಣ ಕಣ್ಣು ಮುಚ್ಚಿದ. "ಬೇಡ. ಇದರಲ್ಲಿ ನಾನು ಯಾವತ್ತೋ ಸೋತಿದ್ದೀನಿ. ಹೇಳೋ ಧೈರ್ಯ ಇರಲಿಲ್ಲ ಅಷ್ಟೇ."

ಅವಳ ಕೈ ಅವನ ಕೈಯೊಳಗಿತ್ತು. ಸಭೆ ಕೇಳಲು ಬಂದಿದ್ದ ಅಕ್ಕ ಬಾಗಿಲ ಬಳಿ ನಿಂತು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಿದ್ದಳು.

"ಅವರು ಯಾರು? ಯಾಕೆ ಹಾಗೆ ನೋಡ್ತಿದ್ದಾರೆ?"

"ನನ್ನ ಅಕ್ಕ. ಹೆದರಬೇಡಿ, ಮನಸ್ಸಿಗೆ ಹಿಡಿಸಿದೋರನ್ನ ಅಳತೆ ತಗೊಳ್ಳೋ ಹಾಗೇ ನೋಡೋದು ಅವಳು."

"ಅಯ್ಯೋ, ಮೊದಲೇ ಹೇಳಬಾರದಿತ್ತಾ? ಒಗೆದ ಅಂಗೀನಾದ್ರೂ ಹಾಕ್ಕೊಂಡು ಬರ್ತಿದ್ದೆ!"

ಅವಳು ನಕ್ಕಳು. ಕಣ್ಣೀರು ಕೆನ್ನೆಗಿಳಿದರೂ ನಗು ನಿಲ್ಲಲಿಲ್ಲ.

"ನಾಳೆ ಮನೆಗೆ ಬನ್ನಿ. ಅಪ್ಪ ಅಮ್ಮನೂ ಇರ್ತಾರೆ..." ಎಂದು ನಿಂತಳು. ಒಮ್ಮೆ ಉಸಿರೆಳೆದುಕೊಂಡು, ಮೆಲ್ಲಗೆ, ಮೊದಲ ಸಲ ಹೇಳಿದಳು:

"ಬನ್ನಿ ಅಲ್ಲ... ಬಾ."

ಅವನ ಮುಖವೆಲ್ಲ ಬೆಳಗಿತು.

"ಬರ್ತೀನಿ ಕಣೇ."