ಭಾನುವಾರದ ಎರಡು ಗಂಟೆ

"ನೀವು ಹೊರಗ ಹೋಗ್ಬೇಕ್ರೀ. ಮೆಟ್ಟಿಲ ಮ್ಯಾಲೆ ಕೂತ್ರ ನಡಿಯಂಗಿಲ್ಲ."

ಜಾಹ್ನವಿ ತಿರುಗಿ ನೋಡಿದಳು. ಒಳಗೆ ಅಪ್ಪನ ಜೊತೆ ಇರಬೇಕಾದವನು ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ. ಭರತೇಶ, ಧಾರವಾಡದವನು, ಔಷಧ ಕಂಪನಿಯಲ್ಲಿ ಕೆಲಸ. ಪರಿಚಯವಾಗಿ ಅರ್ಧ ಗಂಟೆಯೂ ಆಗಿರಲಿಲ್ಲ.

"ಅಪ್ಪನ್ನ ಒಬ್ರನ್ನೇ ಬಿಟ್ಟು ಬಂದ್ರಾ?"

"ಅವರು ಟಿಕೆಟ್ ಕೊಡಾಕತ್ತಾರ. ನಾನು ಹಾವೇರಿಗೆ ಒಂದು ತಗೊಂಡೀನಿ. ನೀವು ಇದನ್ನ ಕುಡದು ಸಮುದ್ರದ ಕಡೆ ಹೋಗ್ರಿ."

ಜಾಹ್ನವಿಯ ಅಪ್ಪ ಓಂಕಾರಪ್ಪ ದಾವಣಗೆರೆ ಡಿಪೋದಲ್ಲಿ ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ಮಗಳನ್ನು ಬ್ಯಾಂಕಿನವರು ವಿಶಾಖಪಟ್ಟಣಕ್ಕೆ ವರ್ಗ ಮಾಡಿದಾಗ ಜೊತೆಗೆ ಬಂದರು. ಅಲ್ಝೈಮರ್ಸ್ ಮೊದಲು ಅವರಿಂದ ಮನೆಯ ದಾರಿಯನ್ನು ಕಿತ್ತುಕೊಂಡಿತು. ಆಮೇಲೆ ಆರು ವರ್ಷದಲ್ಲಿ ಕಲಿತ ತೆಲುಗನ್ನು. ನೋಡಿಕೊಳ್ಳಲು ಬರುವ ಹೆಂಗಸು ಒಳ್ಳೆಯವಳೇ, ಆದರೆ ಅವಳ ಒಂದು ಮಾತೂ ಈಗ ಅವರಿಗೆ ತಿಳಿಯುತ್ತಿರಲಿಲ್ಲ.

ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿ ಇಂಥ ರೋಗಿಗಳ ಮನೆಯವರಿಗಾಗಿ ಒಂದು ಗುಂಪಿತ್ತು. ನಡೆಸುವವರು ನಿವೃತ್ತ ನರ್ಸ್ ಅನಸೂಯಾ ಗಾರು. ಭಾನುವಾರ ಒಂದು ಮನೆಯವರು ಇನ್ನೊಂದು ಮನೆಯ ರೋಗಿಯನ್ನು ಎರಡು ಗಂಟೆ ನೋಡಿಕೊಳ್ಳುವುದು ಅಲ್ಲಿಯ ಪದ್ಧತಿ. ಆ ಹೊತ್ತು ಮನೆಯವರು ಹೊರಗೆ ಹೋಗಲೇಬೇಕು. ಮನೆಯಲ್ಲೇ ಇದ್ದರೆ ಕಿವಿಗೆ ವಿಶ್ರಾಂತಿ ಸಿಗುವುದಿಲ್ಲ ಎನ್ನುತ್ತಿದ್ದರು ಆಕೆ. ಕನ್ನಡದ ಎರಡು ಮನೆಗಳನ್ನು ಜೊತೆ ಮಾಡಿದವರೂ ಅವರೇ.

ಹಾಗಾಗಿ ಜಾಹ್ನವಿ, ಭರತೇಶ ಒಟ್ಟಿಗೆ ಕೂತು ಮಾತಾಡಿದ್ದೇ ಇಲ್ಲ. ಒಂದು ವಾರ ಅವನು ಇಲ್ಲಿ, ಮುಂದಿನ ವಾರ ಅವಳು ಅವನ ತಾಯಿ ಇಂದಿರಮ್ಮನ ಹತ್ತಿರ. ಆ ಹೊತ್ತು ಸ್ವಂತ ಮನೆಯ ರೋಗಿಯ ಬಳಿ ಕೆಲಸದ ಹೆಂಗಸು ಇರುತ್ತಿದ್ದಳು. ಒಬ್ಬರು ಚಪ್ಪಲಿ ಬಿಡುವಾಗ ಇನ್ನೊಬ್ಬರು ಮೆಟ್ಟುತ್ತಿದ್ದರು. ಸಿಗುತ್ತಿದ್ದದ್ದು ಬಾಗಿಲಿನ ಐದು ನಿಮಿಷ.

"ಒಂದ ಕಿವ್ಯಾಗ ಓಲೆ ಐತಿ, ಇನ್ನೊಂದು ಎಲ್ಲಿ ಹೋತ್ರೀ?"

ಅವಳು ಗಾಬರಿಯಿಂದ ಕಿವಿ ಮುಟ್ಟಿಕೊಂಡರೆ ಅವನು ಗೋಡೆ ನೋಡುತ್ತ ನಗುತ್ತಿದ್ದ.

ಉಳಿದದ್ದನ್ನು ಮನೆಗಳೇ ಹೇಳಿದವು. ಅವನ ಮನೆಯಲ್ಲಿ ಮೇಜಿನ ಮೂಲೆಗಳಿಗೆಲ್ಲ ಹಳೆ ಸೀರೆ ಸುತ್ತಿತ್ತು. ಕನ್ನಡಿಯಲ್ಲಿ ಕಾಣುವ ಮುದುಕಿಗೆ ತಾಯಿ ಹೆದರುತ್ತಾಳೆಂದು ಅದಕ್ಕೆ ಟವೆಲ್ ಹೊದಿಸಿದ್ದ. ಇವಳ ಮನೆಯಲ್ಲಿ ಒಂದು ಭಾನುವಾರ ಅಪ್ಪನ ಅಂಗಿಯ ಬಿದ್ದ ಗುಂಡಿ ಹೊಲಿದಿತ್ತು. ಇನ್ನೊಂದು ಭಾನುವಾರ, ಸ್ನಾನವೆಂದರೆ ಕೂಗಾಡುವ ಅಪ್ಪ ತಲೆಗೂದಲು ಒದ್ದೆಯಾಗಿ ಹಾಯಾಗಿ ಕೂತಿದ್ದರು.

"ಹೇಗೆ ಒಪ್ಪಿದ್ರು?"

"ಡಿಪೋ ಬಂತು, ಡ್ಯೂಟಿ ಮುಗೀತು, ಯೂನಿಫಾರ್ಮ್ ತೆಗೀರಿ ಅಂದೆ."

ಆಗಸ್ಟಿನಲ್ಲಿ ಇಂದಿರಮ್ಮ ತೀರಿಕೊಂಡರು. ಮೂರು ವಾರ ಕಳೆದು ಭರತೇಶ ಮತ್ತೆ ಬಾಗಿಲಲ್ಲಿ ನಿಂತಿದ್ದ.

"ಇನ್ನು ನೀವು ಬರಬೇಕಾಗಿಲ್ಲ," ಎಂದಳು ಮೆಲ್ಲಗೆ.

"ಗೊತ್ತೈತ್ರಿ," ಎಂದು ಒಳಗೆ ಹೋದ.

ಡಿಸೆಂಬರಿನಲ್ಲಿ ಅವಳಿಗೆ ವಿಜಯವಾಡಕ್ಕೆ ವರ್ಗವಾಯಿತು. ಕೊನೆಯ ಭಾನುವಾರ ಅವನು ಒಂದು ಚಪ್ಪಲಿ ಮೆಟ್ಟಿ ಕೇಳಿದ: "ನಾನೂ ಬರ್ಲೇನು? ಯಾವಾಗ್ಲೂ ಜೋಡಿ ಇರಾಕ?"

ಅವಳಿಗೆ ಅರ್ಥವಾಯಿತು. ಹೂಂ ಎನ್ನುವ ಆಸೆಯೂ ಇತ್ತು.

"ಬೇಡ. ಒಂಬತ್ತು ವರ್ಷ ಅಮ್ಮನ್ನ ನೋಡ್ಕೊಂಡಿದ್ದೀರಿ. ನಿಮಗೆ ಮತ್ತೆ ಇದನ್ನೇ ಶುರು ಮಾಡಿಸೋಕೆ ನನ್ನಿಂದ ಆಗಲ್ಲ."

ಅವನು ಇನ್ನೊಂದು ಚಪ್ಪಲಿ ಮೆಟ್ಟಿಕೊಂಡು ಇಳಿದು ಹೋದ.

ವಿಜಯವಾಡದ ಹೊಸ ಮನೆಯಲ್ಲಿ ಅಪ್ಪ ಬಾಗಿಲಿಲ್ಲದ ಕಡೆ ಬಾಗಿಲು ಹುಡುಕಿದರು. ಸಹಾಯಕ್ಕೆ ಬಂದ ಇಬ್ಬರು ಒಂದೊಂದು ವಾರಕ್ಕೇ ಬಿಟ್ಟುಹೋದರು. ಬ್ಯಾಂಕಿನ ಒನ್ ಟೌನ್ ಬ್ರಾಂಚಿನಲ್ಲಿ ಕೂತರೂ ಜಾಹ್ನವಿಯ ಕಣ್ಣು ಫೋನಿನ ಮೇಲೆ. ಮಾರ್ಚಿನ ಒಂದು ಸಂಜೆ ಅಪ್ಪ ಮೂರನೇ ಸಲ ಅನ್ನ ಉಗಿದಾಗ ಅವಳು ಅವರ ಮಣಿಕಟ್ಟನ್ನು ಹಿಡಿದಳು. ಬಿಟ್ಟಾಗ ನಾಲ್ಕು ಬೆರಳಿನ ಗುರುತು ಕೆಂಪಗೆ ಮೂಡಿತ್ತು.

ಅಪ್ಪ ಅವಳ ಮುಖವನ್ನೇ ನೋಡಿದರು. "ಯಾಕಮ್ಮಾ, ಸೀಟು ಸಿಗಲಿಲ್ವಾ?"

ಅವಳು ಅನಸೂಯಾ ಗಾರುಗೆ ಫೋನ್ ಮಾಡಿ ಇದ್ದದ್ದು ಇದ್ದಹಾಗೆ ಹೇಳಿದಳು. ಆಕೆ ಕೇಳಿದ್ದು ಎರಡೇ: ಅಪ್ಪನ ಕೈಗೆ ಏನಾದರೂ ಹಚ್ಚಿದೆಯಾ, ನೀನು ಊಟ ಮಾಡಿದೆಯಾ. ಆಮೇಲೆ ಅಲ್ಲಿಯ ಡೇ ಕೇರ್ ಒಂದರ ನಂಬರ್ ಕೊಟ್ಟರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಫೋನ್ ಇಟ್ಟ ಮೇಲೆ ತುಂಬ ಅತ್ತಳು.

ಭಾನುವಾರ ಹನ್ನೊಂದೂವರೆಗೆ ಬೆಲ್ ಆಯಿತು. ಭರತೇಶ. ಬೆಳಗಿನ ಜಾವದ ರೈಲಿನಲ್ಲಿ ಆರು ತಾಸು ಕೂತು ಬಂದಿದ್ದ, ಅಂಗಿ ಮುದುಡಿತ್ತು.

"ಎರಡು ತಾಸು ನಾ ಇರ್ತೀನಿ. ಹೋಗಿ ಬರ್ರಿ."

"ಅನಸೂಯಾ ಗಾರು ಹೇಳಿದ್ರಾ?"

"ವಿಳಾಸ ಕೊಟ್ರು, ಅಷ್ಟ. ಮತ್ತೇನು ಹೇಳ್ಬೇಕಿತ್ತು?"

ಮಣಿಕಟ್ಟಿನ ವಿಷಯ ಅವರು ಹೇಳಿರಲಿಲ್ಲ. ಜಾಹ್ನವಿ ಅವನನ್ನು ಒಳಗೆ ಕರೆದು, ಕುರ್ಚಿಯಲ್ಲಿದ್ದ ಅಪ್ಪನ ಅಂಗಿಯ ತೋಳು ಸರಿಸಿ ತೋರಿಸಿದಳು. ಗುರುತು ಈಗ ನೀಲಿಗಟ್ಟಿತ್ತು. "ನಾನೇ ಮಾಡಿದ್ದು."

ಅವಳು ಸೋಫಾದಲ್ಲಿ ಕೂತಳು. ಅವನು ಗುರುತನ್ನು ನೋಡಿ ಅವಳ ಪಕ್ಕ ಕುಳಿತ.

"ನಾನು ಅವ್ವನ ಕೆನ್ನಿಗೆ ಒಮ್ಮೆ ಹೊಡದೀನಿ. ಯಾರಿಗೂ ಹೇಳಿಲ್ಲ. ಆ ಮ್ಯಾಲೆ ಗುಂಪಿಗೆ ಸೇರಿದ್ದು."

ಅವನು ಅವಳ ಕಡೆ ತಿರುಗಿದ.

"ನೀವಂದ್ರ ನನಗ ಭಾಳ ಇಷ್ಟ, ಜಾಹ್ನವಿ. ಅದಕ್ಕ ಬಂದೀನಿ. ನಿಮಗ ನಾನು ಬ್ಯಾಡ ಅಂದ್ರ ಸಂಜಿ ಟ್ರೇನಿಗೆ ಹೋಗ್ತೀನಿ. ಆದ್ರ ನನ್ನ ಸಲುವಾಗಿ ಬ್ಯಾಡ ಅನಬ್ಯಾಡ್ರಿ."

ಅವಳು ಬಾಯಿ ತೆರೆಯುವಷ್ಟರಲ್ಲಿ ಓಂಕಾರಪ್ಪ ಗದರಿದರು.

"ಏಯ್, ಎದ್ದೇಳ್ರೀ! ಅದು ಲೇಡೀಸ್ ಸೀಟು. ಕಣ್ಣು ಕಾಣಲ್ವಾ?"

ಭರತೇಶ ದಡಕ್ಕನೆ ಎದ್ದು ಕಿಟಕಿಯ ಸರಳು ಹಿಡಿದು ನಿಂತ. "ತಪ್ಪಾತ್ರಿ ಕಂಡಕ್ಟರ್ ಸಾಹೇಬ್ರ."

ಜಾಹ್ನವಿಗೆ ನಗು ಬಂತು. ಎಷ್ಟೋ ತಿಂಗಳ ಮೇಲೆ ಬಂದ ನಗು ನಡುವೆಯೇ ಅಳುವಾಯಿತು. ಅವನು ಸರಳು ಬಿಡಲಿಲ್ಲ, ಕರ್ಚೀಫ್ ಮಾತ್ರ ಚಾಚಿದ.

"ಹೋಗ್ರಿ. ಹೊರಗ ಹೋಗೋದು ರೂಲ್ಸು."

"ಇವತ್ತು ಹೋಗಲ್ಲ," ಎಂದಳು. "ನೀವೂ ಸಂಜೆ ಟ್ರೇನಿಗೆ ಹೋಗಬೇಡಿ."

ಅವಳು ಎದ್ದು ಹೋಗಿ ಅದೇ ಸರಳನ್ನು ಅವನ ಕೈಯ ಪಕ್ಕದಲ್ಲಿ ಹಿಡಿದುಕೊಂಡಳು. ಓಂಕಾರಪ್ಪ ಖಾಲಿ ಸೋಫಾ ನೋಡಿದರು, ನಿಂತ ಇಬ್ಬರನ್ನೂ ನೋಡಿದರು.

"ಸೀಟು ಖಾಲಿ ಇದೆಯಲ್ಲಮ್ಮಾ?"

"ಇರ್ಲಿ ಸಾರ್. ನಾನು ಇಲ್ಲೇ ನಿಂತ್ಕೋತೀನಿ."

ಒಪ್ಪಿಗೆಯಾಯಿತೆಂಬಂತೆ ಅವರು ಕುರ್ಚಿಯ ತೋಳನ್ನು ಎರಡು ಸಲ ತಟ್ಟಿದರು.

"ರೈಟ್, ರೈಟ್."